ನಡುಗಿದ ಮೇಲ್ಪಂಕ್ತಿ

ನಮ್ಮ ಕಡೆ ಡ್ರಾಯಿಂಗ್ ಮೇಷ್ಟ್ರು ಅಂದರೆ ಗಣಿತದ ಮೇಷ್ಟ್ರು ರಜೆ ಹಾಕಿದ ದಿನ ಕ್ಲಾಸು ನೋಡಿಕೊಳ್ಳುವವನು ಅಂತಲೇ ಅರ್ಥ. ಪಾಂಡವಪುರದ ಹೈಸ್ಕೂಲೊಂದರಲ್ಲಿ ಮೂವತ್ತೈದು ವರ್ಷ ನಾನು ಆ ಕೆಲಸ ಮಾಡಿದೆ. ಮರ್ಯಾದೆ ಅಂತ ಸಿಕ್ಕಿದ್ದು ಒಂದೇ ಒಂದು ಕಾರಣಕ್ಕೆ. ಸ್ಕೇಲಿಲ್ಲದೆ ಕಪ್ಪು ಹಲಗೆಯ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ನೆಟ್ಟಗೆ ಗೆರೆ ಎಳೆಯುತ್ತಿದ್ದೆ. ಅದರ ಕೆಳಗೆ, ಕೈ ಎತ್ತದೆ, ಒಂದು ಸೊನ್ನೆ. ಹೊಸದಾಗಿ ಎಂಟನೇ ಕ್ಲಾಸಿಗೆ ಬಂದ ಹುಡುಗರು ನಂಬದೆ ಮರದ ದೊಡ್ಡ ಕೈವಾರ ತಂದು ಸೊನ್ನೆಯ ಮೇಲೆ ಇಟ್ಟು ತಿರುಗಿಸಿ ನೋಡುತ್ತಿದ್ದರು. ಕೈವಾರದ ಗೆರೆ ನನ್ನ ಗೆರೆಯ ಮೇಲೇ ಹೋಗುತ್ತಿತ್ತು. ನಾನು ಏನೂ ಗೊತ್ತಿಲ್ಲದವನ ಹಾಗೆ ಕಿಟಕಿಯಾಚೆ ನೋಡುತ್ತ ನಿಂತಿರುತ್ತಿದ್ದೆ. ಒಳಗೊಳಗೇ ಎಷ್ಟು ಹಿಗ್ಗುತ್ತಿದ್ದೆ ಅನ್ನುವುದನ್ನು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ನಾಚಿಕೆ ಇರುವುದು ಬೇರೆ ವಿಷಯಕ್ಕೆ. ಅದನ್ನು ಬರೆಯಲೆಂದೇ ಕೂತಿದ್ದೇನೆ.

ಬರೆಯಲು ಕೂತಿದ್ದೇನೆ ಅಂದದ್ದೂ ಪೂರ್ತಿ ನಿಜವಲ್ಲ. ನಾನು ಹೇಳುತ್ತಿದ್ದೇನೆ, ಹೆಂಡತಿ ಬರೆದುಕೊಳ್ಳುತ್ತಿದ್ದಾಳೆ. ಈ ವರ್ಷ ಯುಗಾದಿ ಕಳೆದ ಮೇಲೆ ನನ್ನ ಬಲಗೈ ನಡುಗಲು ಶುರುವಾಯಿತು. ಅದು ಮೊದಲು ಕಂಡದ್ದು ಅವಳಿಗೇ. ಊಟಕ್ಕೆ ಕೂತಾಗ ಸಾರಿನ ಸೌಟು ಪಾತ್ರೆಯಿಂದ ತಟ್ಟೆಗೆ ಬರುವಷ್ಟರಲ್ಲಿ ಅರ್ಧ ಖಾಲಿಯಾಗುತ್ತಿತ್ತು. ಸುಮ್ಮನೆ ತೊಡೆಯ ಮೇಲಿಟ್ಟುಕೊಂಡರೆ ಕೈ ಕಲ್ಲಿನ ಹಾಗೆ ಇರುತ್ತದೆ. ಏನಾದರೂ ಹಿಡಿದೆನೋ, ಅದರಲ್ಲೂ ಪೆನ್ಸಿಲ್ ಹಿಡಿದೆನೋ, ಶುರು. ಮೈಸೂರಿನ ಡಾಕ್ಟರು ಎರಡೂ ಕೈ ಮುಂದೆ ಚಾಚಿಸಿ, ಕಾಗದದ ಮೇಲೆ ಸುರುಳಿ ಬರೆಸಿ ನೋಡಿ, ಪ್ರಾಣಕ್ಕೇನೂ ಅಪಾಯವಿಲ್ಲ ಎಂದರು. ನಾನೇನು ಪ್ರಾಣದ ವಿಚಾರ ಕೇಳಿದ್ದೆನೆ? ಮಾತ್ರೆ ಬರೆದುಕೊಟ್ಟರು. ಸ್ವಲ್ಪ ಹಿಡಿತಕ್ಕೆ ಬರಬಹುದು, ಮೊದಲಿನ ಕೈ ಮಾತ್ರ ವಾಪಸ್ಸು ಬರುವುದಿಲ್ಲ ಎಂದರು. ಬಸ್ಸಿನಲ್ಲಿ ಬರುವಾಗ ಹೆಂಡತಿಗೆ ಹೇಳಿದೆ, ಯಾರಿಗೂ ಹೇಳಬೇಡ, ಮಗಳಿಗೂ ಬೇಡ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ತಲೆಯಾಡಿಸಿದಳು.

ನಿವೃತ್ತಿಯಾದ ಮೇಲೆ ಪ್ರತಿ ವರ್ಷ ದೀಪಾವಳಿ ಕಳೆದು ಬಿಸಿಲು ಇಳಿದಾಗ ನಾಲ್ಕು ಭಾನುವಾರ ಒಂದು ಚಿತ್ರಕಲಾ ಶಿಬಿರ ನಡೆಸುತ್ತೇನೆ. ಅದಕ್ಕೆ ಕೊಠಡಿಯಿಲ್ಲ, ಬೆಂಚಿಲ್ಲ. ಹೊಳೆ, ಬೆಟ್ಟ, ಗುಡಿಗಳ ಮುಂದೆ ನೆಲದ ಮೇಲೆ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ಎದುರಿಗೆ ಕಂಡದ್ದನ್ನು ಬರೆಯುವುದು. ಈ ವರ್ಷ ಬೇಡ ಅನ್ನಬಹುದಿತ್ತು. ಮೊಣಕಾಲು ನೋವು ಅಂದಿದ್ದರೆ ಮುಗಿಯುತ್ತಿತ್ತು, ನನ್ನ ವಯಸ್ಸಿಗೆ ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಆದರೆ ಬೇಡ ಅಂದ ದಿನವೇ ನನ್ನ ಕಥೆ ಮುಗಿಯಿತು ಅನ್ನಿಸಿಬಿಟ್ಟಿತ್ತು. ವಾಟ್ಸಾಪ್ ಗುಂಪಿನಲ್ಲಿ ಎಂದಿನಂತೆ ಹಾಕಿದೆ. ಹನ್ನೆರಡು ಜನ ಬರುತ್ತೇವೆ ಎಂದರು.

ನನ್ನ ಶಿಬಿರದಲ್ಲಿ ಒಂದು ಪದ್ಧತಿಯಿದೆ. ಕಾಪಿ ಪುಸ್ತಕದಲ್ಲಿ ಮೇಷ್ಟ್ರು ಮೊದಲ ಸಾಲನ್ನು ತಾವೇ ಬರೆದುಕೊಟ್ಟು, ಮಕ್ಕಳು ಅದನ್ನು ನೋಡಿ ಕೆಳಗಿನ ಸಾಲು ತುಂಬುತ್ತಿದ್ದರಲ್ಲ, ಹಾಗೆ ನಾನು ಎಲ್ಲರ ಹಾಳೆಯ ಮೇಲಂಚಿನಲ್ಲಿ ಒಂದು ಗೆರೆ ಎಳೆದುಕೊಡುತ್ತೇನೆ. ಅದೇ ಮೇಲ್ಪಂಕ್ತಿ. ಅವರು ಅದರ ಮೇಲೆ ಹತ್ತು ಸಲ ತಿದ್ದಬೇಕು. ಆಮೇಲೆಯೇ ಚಿತ್ರ. ನನ್ನ ಮೇಷ್ಟ್ರು ನನಗೆ ಸ್ಲೇಟಿನ ಮೇಲೆ ಹೀಗೇ ತಿದ್ದಿಸಿದ್ದರು. ಗೆರೆಯನ್ನು ಬಾಯಿಮಾತಿನಲ್ಲಿ ಹೇಳಿಕೊಡಲು ಬರುವುದಿಲ್ಲ, ಕೈಯಿಂದ ಕೈಗೆ ಹೋಗಬೇಕು. ಹಾಗಾಗಿ ಹನ್ನೆರಡು ಜನ ಅಂದರೆ ಪ್ರತಿ ಭಾನುವಾರ ಬೆಳಿಗ್ಗೆ ಹನ್ನೆರಡು ಗೆರೆ. ಹಿಂದಿನ ರಾತ್ರಿ ಮಾತ್ರೆ ನುಂಗಿ ಮಲಗಿದ್ದರೂ ಆ ಹನ್ನೆರಡು ಗೆರೆಗಳೇ ಕಣ್ಣ ಮುಂದೆ ಬರುತ್ತಿದ್ದವು.

ಬಂದವರಲ್ಲಿ ಮೂವರ ವಿಚಾರ ಹೇಳಬೇಕು. ಒಬ್ಬರು ಹೊಸಹೊಳಲಿನ ಗುಡಿಯ ಅರ್ಚಕರ ಹೆಂಡತಿ, ಐವತ್ತರ ಆಸುಪಾಸು. ಮದುವೆಗೆ ಮುಂಚೆ ಚಿತ್ರ ಬರೆಯುತ್ತಿದ್ದವರು ಮಕ್ಕಳೆಲ್ಲ ದಡ ಸೇರಿದ ಮೇಲೆ ಮತ್ತೆ ಬ್ರಷ್ಷು ಹಿಡಿದಿದ್ದರು. ಮಾತು ಕಡಿಮೆ. ಇನ್ನೊಬ್ಬ ಪಾಲಹಳ್ಳಿಯ ರೈತ. ಬೆಳಿಗ್ಗೆ ಹಸುಗಳ ಹಾಲು ಕರೆದು ಡೈರಿಗೆ ಹಾಕಿ ನೇರವಾಗಿ ಶಿಬಿರಕ್ಕೆ ಬರುತ್ತಿದ್ದ. ಅವನಿಗೆ ಚಿತ್ರಕ್ಕಿಂತ ಹರಟೆ ಇಷ್ಟ, ಆದರೂ ಹಸು ಬರೆದರೆ ಹಸು ಎದ್ದು ಬರಬೇಕು, ಹಾಗೆ ಬರೆಯುತ್ತಿದ್ದ. ಮೂರನೆಯವಳು ನಾಗಮಂಗಲದ ಕಡೆಯ ಹಳ್ಳಿಯ ಹುಡುಗಿ. ಚಿತ್ರಕಲೆಯಲ್ಲಿ ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದಳು. ಅವಳು ಸಂತೋಷಕ್ಕೆ ಬಂದವಳಲ್ಲ. ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸ ಖಾಲಿಯಿತ್ತು, ಮೂರನೇ ಭಾನುವಾರ ಕಳೆದು ಬರುವ ಶುಕ್ರವಾರ ಸಂದರ್ಶನ. ಹಲಗೆಯ ಮೇಲೆ ಬರೆಸಿ ನೋಡುತ್ತಾರಂತೆ. ಈ ಕೆಲಸ ಸಿಗದಿದ್ದರೆ ಮನೆಯವರು ಇನ್ನು ಕಾಯುವುದಿಲ್ಲ, ಗಂಡು ನೋಡಿದ್ದಾರೆ, ಆಮೇಲೆ ಚಿತ್ರವೂ ಇಲ್ಲ ಏನೂ ಇಲ್ಲ ಎಂದು ಮೊದಲ ದಿನವೇ ನನಗೆ ಹೇಳಿದ್ದಳು. ನಿಮ್ಮ ಕೈ ನನಗೆ ಬರಬೇಕು ಎಂದಳು. ಅವಳ ಚಿಕ್ಕಮ್ಮ ನನ್ನ ವಿದ್ಯಾರ್ಥಿನಿಯಂತೆ, ಹಲಗೆ ಮೇಲಿನ ಸೊನ್ನೆಯ ಕಥೆಯನ್ನು ಕೇಳಿಕೊಂಡೇ ಬೆಳೆದಿದ್ದಳಂತೆ.

ಮೊದಲ ಭಾನುವಾರ ಶ್ರೀರಂಗಪಟ್ಟಣ. ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತೆವು. ಎದುರಿಗೆ ಹಳೆಯ ಕಲ್ಲು ಸೇತುವೆ. ಪಕ್ಕದಲ್ಲಿ ಯಾರದೋ ಮನೆಯವರು ತಲೆ ಬೋಳಿಸಿಕೊಂಡು ಪಿಂಡ ಬಿಡುತ್ತಿದ್ದರು, ಪುರೋಹಿತರು ಬೇಗ ಬೇಗ ಅನ್ನುತ್ತಿದ್ದರು. ಮೇಲ್ಪಂಕ್ತಿ ಹಾಕಲು ಮೊದಲ ಹಾಳೆ ಕೈಗೆ ತೆಗೆದುಕೊಂಡೆ. ಪೆನ್ಸಿಲಿನ ತುದಿ ಕಾಗದ ಮುಟ್ಟಿದ್ದೇ ತಡ, ಕೈ ಕೇಳದೆ ಹೋಯಿತು. ಗೆರೆ ಗರಗಸದ ಬಾಯಿಯ ಹಾಗೆ ಹಲ್ಲು ಹಲ್ಲಾಗಿ ಬಂತು. ನಿಲ್ಲಿಸುವ ಹಾಗಿಲ್ಲ, ಹನ್ನೆರಡು ಜನ ನೋಡುತ್ತ ನಿಂತಿದ್ದಾರೆ. ಅದೇ ಗೆರೆಯನ್ನು ಹನ್ನೆರಡು ಹಾಳೆಗೂ ಎಳೆದೆ. ಆಮೇಲೆ ಸೇತುವೆಯನ್ನು ಬರೆದು ತೋರಿಸಿದೆ. ಪಾಲಹಳ್ಳಿಯವನು ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, "ಏನ್ ಮೇಷ್ಟ್ರೇ, ಸೇತ್ವೆ ಅಲ್ಲಾಡ್ತಾ ಅದಲ್ಲ" ಎಂದ. ಎಲ್ಲರೂ ನಕ್ಕರು. ಅವನ ಮಾತಿನಲ್ಲಿ ತಮಾಷೆ ಬಿಟ್ಟು ಇನ್ನೇನೂ ಇರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದೆ. ಅಲ್ಲಾಡಲೇಬೇಕು ಕಣಯ್ಯ ಎಂದು ಗದರಿದೆ. ಇಷ್ಟು ಕಾಲ ನೀರಿಗೆ ಮೈಯೊಡ್ಡಿ ನಿಂತದ್ದು ಸ್ಕೇಲಿನ ಹಾಗೆ ಇರುತ್ತದೆಯೇ, ಗೆರೆ ಉಸಿರಾಡಬೇಕು, ನೆಟ್ಟನೆ ಗೆರೆ ಸತ್ತ ಗೆರೆ ಎಂದೆಲ್ಲ ಹೇಳಿದೆ. ಬಾಯಿಗೆ ಬಂದದ್ದು ಬರುತ್ತಲೇ ಹೋಯಿತು. ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ಮಾತಿಗೇನು ಬರ. ಹೇಳುತ್ತ ಹೇಳುತ್ತ ನನಗೇ ಅದು ನಿಜ ಅನ್ನಿಸತೊಡಗಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ ಡೊಂಕಿದ್ದರೇ ಕುಣಿತ ಚೆಂದ ಅಂತ ಪಾಠ ಮಾಡಿಬಿಟ್ಟೆ. ನಾಗಮಂಗಲದ ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ "ನೆಟ್ಟನೆ ಗೆರೆ ಸತ್ತ ಗೆರೆ" ಎಂದು ಬರೆದುಕೊಂಡು ಕೆಳಗೆ ಎರಡು ಅಡ್ಡಗೆರೆ ಹಾಕಿದಳು. ಆ ಅಡ್ಡಗೆರೆಗಳು ಎಷ್ಟು ನೆಟ್ಟಗಿದ್ದವು ಅನ್ನುವುದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ.

ಹನ್ನೊಂದು ಗಂಟೆಗೆ ಅರ್ಚಕರ ಹೆಂಡತಿ ಚೀಲದಿಂದ ಫ್ಲಾಸ್ಕು ತೆಗೆದರು. ಎಲ್ಲರಿಗೂ ಸ್ಟೀಲ್ ಲೋಟದ ತುಂಬ ಕಾಫಿ ಕೊಟ್ಟು ನನಗೆ ಮಾತ್ರ ಅರ್ಧ ಲೋಟ ಕೊಟ್ಟರು. ಕೊನೆಗೆ ಬಂದದ್ದಕ್ಕೆ ಮುಗಿದಿರಬೇಕು ಅಂದುಕೊಂಡೆ. ಕುಡಿದಾದ ಮೇಲೆ ಕೇಳದೆಯೇ ಮತ್ತೆ ಅರ್ಧ ಲೋಟ ಬಗ್ಗಿಸಿದರು. ಏನಮ್ಮ ಇದು ಕಂತಿನ ಕಾಫಿ ಎಂದು ನಗೆಯಾಡಿದೆ. ಅವರು ನಗಲಿಲ್ಲ.

ಎರಡನೇ ಭಾನುವಾರ ನಮ್ಮೂರಿನ ಕುಂತಿಬೆಟ್ಟದ ಬುಡದಲ್ಲಿ. ಅಲ್ಲಿ ನನಗೆ ಭಾರಿ ಅನುಕೂಲವಾಯಿತು. ಬಂಡೆಗೆ ಅಂಕುಡೊಂಕು ಗೆರೆ ಹೇಗೆ ಬಂದರೂ ಒಪ್ಪುತ್ತದೆ. ನೋಡಿದಿರಾ, ಹೇಳಿರಲಿಲ್ಲವೆ ಎಂದು ಮೆರೆದೆ. ಎಲ್ಲರ ಹಾಳೆಯಲ್ಲೂ ಬಂಡೆಗಳು ಚೆನ್ನಾಗಿಯೇ ಬಂದಿದ್ದವು. ಹುಡುಗಿಯ ಹಾಳೆಯಲ್ಲಿ ಬಂಡೆ ಚೆನ್ನಾಗಿತ್ತು, ಆದರೆ ಮೇಲ್ಪಂಕ್ತಿಯ ಕೆಳಗೆ ಅವಳು ತಿದ್ದಿದ ಹತ್ತು ಗೆರೆಗಳಲ್ಲಿ ಏಳು ನೆಟ್ಟಗಿದ್ದವು. ನನ್ನ ನಡುಗುವ ಗೆರೆಯ ಮೇಲೆ ತಿದ್ದಲು ಹೋಗಿ ಅವಳ ಕೈ ತಾನಾಗಿ ಸೀದಾ ಹೋಗಿಬಿಟ್ಟಿತ್ತು. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದೆ. ಅದು ನನ್ನ ಗೆರೆ. ಹಲಗೆಯ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದ ನನ್ನದೇ ಗೆರೆ, ಯಾವುದೋ ಹಳ್ಳಿಯ ಹುಡುಗಿಯ ಕೈಯಲ್ಲಿ ಕೂತಿತ್ತು. ಯಾವ ಮೇಷ್ಟ್ರಿಗಾದರೂ ಖುಷಿಯಾಗಬೇಕಾದದ್ದು. ನನಗೆ ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಹೆಸರು ಕೊಡಲು ಹೋಗುವುದಿಲ್ಲ. ಇನ್ನೂ ನಡುಗಬೇಕು, ಕೈ ಬಿಗಿ ಹಿಡಿಯುತ್ತೀಯ ಎಂದು ಹೇಳಿ ಹಾಳೆ ವಾಪಸ್ಸು ಕೊಟ್ಟೆ. ಅವಳು ಆ ವಾರವೆಲ್ಲ ಅಂಗಡಿಯಲ್ಲಿ ಹಾಳಾದ ಜೆರಾಕ್ಸ್ ಹಾಳೆಗಳ ಹಿಂದೆ ನಡುಗುವ ಗೆರೆ ಅಭ್ಯಾಸ ಮಾಡಿದಳಂತೆ.

ಮೂರನೇ ಭಾನುವಾರ ಹೊಸಹೊಳಲಿಗೆ ಹೋದೆವು. ಆ ಗುಡಿ ನೋಡಿದವರಿಗೆ ಗೊತ್ತು, ಅಲ್ಲಿ ಕಲ್ಲು ಸುಳ್ಳು ಹೇಳುವುದಿಲ್ಲ. ಗುಡಿ ನಿಂತ ನಕ್ಷತ್ರದ ಆಕಾರದ ಕಟ್ಟೆ, ಜಗತಿ ಅನ್ನುತ್ತಾರೆ, ಒಂದೊಂದು ಮೂಲೆಯೂ ಚಾಕುವಿನಿಂದ ಕೊಯ್ದ ಹಾಗೆ. ಗೋಡೆಯ ಬುಡದಲ್ಲಿ ಆನೆಸಾಲು, ಅದರ ಮೇಲೆ ಕುದುರೆಸಾಲು, ಅದರ ಮೇಲೆ ಬಳ್ಳಿ, ಒಂದೊಂದು ಸಾಲೂ ದಾರ ಹಿಡಿದು ಕೂರಿಸಿದ ಹಾಗೆ. ಕಲ್ಲು ಕಡೆದವರ ಕೈ ಒಂದು ಕೂದಲಿನಷ್ಟೂ ಅಲ್ಲಾಡಿಲ್ಲ. ಬಿಸಿಲೇರುವ ಮುಂಚೆ ಅರ್ಚಕರು ಎಲ್ಲರನ್ನೂ ಒಳಗೆ ಕರೆದರು. ಮಂಗಳಾರತಿಯಾಯಿತು, ತೀರ್ಥ ತಂದರು. ತೀರ್ಥಕ್ಕೆ ಎಡಗೈ ಒಡ್ಡುವಂತಿಲ್ಲ. ಬಲಗೈ ಬಟ್ಟಲು ಮಾಡಿದರೆ ಒಂದು ಹನಿಯೂ ಬಾಯಿ ಸೇರುವುದಿಲ್ಲ. ಕೈಗೆ ಬಣ್ಣ ಆಗಿದೆ ಎಂದು ಹೇಳಿ ಹಿಂದೆ ಸರಿದೆ. ಆ ಹೊತ್ತಿಗೆ ನಾವಿನ್ನೂ ಬಣ್ಣದ ಪೆಟ್ಟಿಗೆಯನ್ನೇ ತೆರೆದಿರಲಿಲ್ಲ. ಅರ್ಚಕರ ಹೆಂಡತಿ ಕಂಬದ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದರು.

ಹೊರಗೆ ಬಂದು ಕೂತ ಮೇಲೆ ಹುಡುಗಿ ಜಗತಿಯ ಮೂಲೆಯೊಂದನ್ನು ಬರೆದಳು. ಎದುರಿಗಿರುವುದನ್ನು ಕಂಡ ಹಾಗೆ ಬರೆಯುವವಳು ಅವಳು, ಕಲ್ಲು ಹೇಗಿತ್ತೋ ಗೆರೆ ಹಾಗೇ ಬಂದಿತ್ತು. ಒಂದೂ ಅಳಿಸಿದ ಗುರುತಿಲ್ಲ. ನನಗೆ ಎಲ್ಲಿಂದ ಸಿಟ್ಟು ಬಂತೋ, ಸ್ಕೇಲು ನುಂಗಿಕೊಂಡು ಬಂದಿದ್ದೀಯೇನಮ್ಮ ಎಂದು ಎಲ್ಲರೆದುರು ಕೂಗಿದೆ. ಎರಡು ಭಾನುವಾರ ಹೇಳಿದ್ದು ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು ಎಂದೆ. ಆ ಹಾಳೆಯನ್ನು ಮಡಚಿಸಿ ಚೀಲಕ್ಕೆ ಹಾಕಿಸಿ, ಹೊಸ ಹಾಳೆ ತೆಗೆಸಿ, ಮತ್ತೆ ಮೇಲ್ಪಂಕ್ತಿ ಹಾಕಿಕೊಟ್ಟೆ. ಅವಳ ಮುಖ ಕೆಂಪಾಯಿತು. ತಿದ್ದಲು ಕೂತಳು. ಈ ಸಲ ಉಸಿರು ಬಿಗಿಹಿಡಿದು, ಮಣಿಕಟ್ಟನ್ನು ಬೇಕೆಂದೇ ಅಲ್ಲಾಡಿಸುತ್ತ, ನನ್ನ ಗೆರೆಯ ಒಂದೊಂದು ಹಲ್ಲನ್ನೂ ಬಿಡದೆ ತಿದ್ದಿದಳು. ಆ ಹಾಳೆಯ ಮೂಲೆಯಲ್ಲಿ ನಾನು ಭೇಷ್ ಎಂದು ಬರೆದೆ.

ಸಂಜೆ ಹನ್ನೆರಡು ಹಾಳೆಗಳನ್ನೂ ಸಾಲಾಗಿ ಜಗತಿಗೆ ಒರಗಿಸಿ ನಿಲ್ಲಿಸಿದೆವು. ಹನ್ನೆರಡು ಹಾಳೆಯಲ್ಲೂ ಗುಡಿ ನಡುಗುತ್ತಿತ್ತು. ಆನೆಸಾಲು ನಡುಗುತ್ತಿತ್ತು, ಕುದುರೆಗಳು ಚಳಿಜ್ವರ ಬಂದ ಹಾಗೆ ನಡುಗುತ್ತಿದ್ದವು, ಗೋಪುರ ಇನ್ನೇನು ಉರುಳುತ್ತದೆ ಅನ್ನುವಂತಿತ್ತು. ನನ್ನ ಕಾಯಿಲೆಯನ್ನು ಹನ್ನೆರಡು ಆರೋಗ್ಯವಂತರ ಕೈಗೆ ಅಂಟಿಸಿದ್ದೆ. ಅವರೆಲ್ಲ ತಮ್ಮ ತಮ್ಮ ಹಾಳೆಯ ಪಕ್ಕ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದರು.

ಎಲ್ಲರೂ ಬಸ್ಸಿಗೆ ಹೊರಟ ಮೇಲೆ ಅರ್ಚಕರ ಹೆಂಡತಿ ನನ್ನ ಹತ್ತಿರ ಬಂದರು. ದನಿ ಏರಿಸಲಿಲ್ಲ.

"ನಮ್ಮ ಮಾವನವರಿಗೂ ಕೈ ನಡುಗ್ತಿತ್ತು ಮೇಷ್ಟ್ರೇ. ಆರತಿ ತಟ್ಟೆ ಹಿಡಿಯೋಕೆ ಆಗದೇ ಹೋದಾಗ ಮಗನ ಕೈಗೆ ಕೊಟ್ಟುಬಿಟ್ರು. ಆರತೀನ ನಡುಗಿಸ್ಕೊಂಡೇ ಎತ್ತಬೇಕು ಅಂತ ಮಾತ್ರ ಮಗನಿಗೆ ಹೇಳಿಕೊಡ್ಲಿಲ್ಲ."

ಮೊದಲ ದಿನದ ಅರ್ಧ ಲೋಟ ಆಗ ಅರ್ಥವಾಯಿತು. ತುಂಬಿದ ಲೋಟ ಕೊಟ್ಟರೆ ಚೆಲ್ಲುತ್ತದೆ, ಚೆಲ್ಲಿದರೆ ನಾಲ್ಕು ಜನರೆದುರು ನನ್ನ ಮಾನ ಹೋಗುತ್ತದೆ ಎಂದು ಮೂರು ವಾರದಿಂದ ಆ ತಾಯಿ ನನ್ನ ಮಾನ ಕಾದಿದ್ದರು. ಕೈ ಮುಗಿಯಬೇಕಿತ್ತು. ನಾನು ಪೂಜೆ ಬೇರೆ, ಚಿತ್ರ ಬೇರೆ, ನಿಮಗೆ ಗೊತ್ತಾಗುವುದಿಲ್ಲ ಎಂದು ಹೇಳಿ ಚೀಲ ಹೆಗಲಿಗೇರಿಸಿಕೊಂಡು ಹೊರಟೆ. ಅವರು ಹಿಂದಿನಿಂದ ಇನ್ನೊಂದೇ ಮಾತು ಹೇಳಿದರು, ಆ ಹುಡುಗಿಗೆ ಶುಕ್ರವಾರ ಸಂದರ್ಶನ ಇದೆ ಎಂದು. ಗೊತ್ತು ಎಂದೆ.

ಗೊತ್ತಿತ್ತು. ಸೋಮವಾರ ಫೋನು ಮಾಡಿ ಹೇಳಿಬಿಡೋಣ ಅಂದುಕೊಂಡೆ. ಮಂಗಳವಾರ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, ಈಗಲೇ ಮಾಡಿ ಎಂದಳು. ನಾಳೆ ಎಂದೆ. ಬುಧವಾರ ಸಂಜೆ ಹುಡುಗಿಯದೇ ಫೋನು ಬಂತು. ಶುಕ್ರವಾರ ಹಲಗೆ ಮೇಲೆ ಬರೆಸುತ್ತಾರೆ, ಡಿಪ್ಲೊಮಾದಲ್ಲಿ ಕಲಿತ ಹಾಗೆ ಸೀದಾ ಬರೆಯಲೋ, ನೀವು ಹೇಳಿಕೊಟ್ಟ ಹಾಗೆ ಬರೆಯಲೋ ಎಂದು ಕೇಳಿದಳು. ದೇವರು ಅವಳ ಬಾಯಿಂದಲೇ ಬಾಗಿಲು ತೆಗೆಸಿದ್ದ. ಸೀದಾ ಬರೆಯಮ್ಮ, ನಿನ್ನ ಗೆರೆಯೇ ಸರಿ ಎಂದು ಐದು ಮಾತು ಹೇಳಿದ್ದರೆ ಸಾಕಿತ್ತು. ಕಾರಣ ಕೂಡ ಹೇಳಬೇಕಿರಲಿಲ್ಲ. ಆದರೆ ಯಾಕೆ ಸಾ ಎಂದು ಅವಳು ಕೇಳಿಬಿಟ್ಟರೆ ಅಂತ ಹೆದರಿದೆ. "ಹೇಳಿಕೊಟ್ಟ ಹಾಗೆ ಬರಿ, ಧೈರ್ಯವಾಗಿ ಬರಿ" ಎಂದೆ. ಫೋನು ಇಟ್ಟ ಮೇಲೆ ಹೆಂಡತಿ ನನ್ನ ತಟ್ಟೆಗೆ ಬಡಿಸಿಟ್ಟು ಒಳಗೆ ಹೋಗಿ ಮಲಗಿದಳು.

ನಾಲ್ಕನೇ ಭಾನುವಾರ ಗೋವಿಂದನಹಳ್ಳಿ. ಐದು ಗರ್ಭಗುಡಿ ಒಂದೇ ಸಾಲಿನಲ್ಲಿ ನಿಂತ ಉದ್ದನೆಯ ಗುಡಿ ಅದು, ಐದು ಗೋಪುರ. ಬರೆಯಬೇಕಾದರೆ ಮೊದಲು ಬುಡದ ಗೆರೆಯನ್ನು ಹಾಳೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯಬೇಕು. ಅದು ನೆಟ್ಟಗಿಲ್ಲದಿದ್ದರೆ ಐದು ಗೋಪುರವೂ ಐದು ದಿಕ್ಕಿಗೆ ಬೀಳುತ್ತವೆ. ಹತ್ತು ಗಂಟೆಯಾದರೂ ಹುಡುಗಿ ಬರಲಿಲ್ಲ. ಬರುವುದೇ ಇಲ್ಲವೇನೋ ಅಂದುಕೊಂಡು, ಹೇಳಬಾರದು, ಸ್ವಲ್ಪ ಹಗುರವಾದೆ. ಹತ್ತೂವರೆಗೆ ಅವಳು ಕೆ.ಆರ್. ಪೇಟೆಯಿಂದ ಆಟೋದಲ್ಲಿ ಬಂದಿಳಿದಳು. ಎಲ್ಲರೂ ಏನಾಯಿತು ಎಂದು ಕೇಳಿದರು. ಅವಳು ಚಪ್ಪಲಿ ಬಿಟ್ಟು, ನನ್ನೆದುರು ಕೂತು, ನನಗೇ ಹೇಳಿದಳು.

"ಸಿಗ್ಲಿಲ್ಲ ಸಾ. ತಂಬಿಗೆ ಬರಿ ಅಂದ್ರು, ನೀವು ಏಳ್ಕೊಟ್ಟಂಗೇ ಬರ್ದೆ. ಎದ್ರುಕೋಬ್ಯಾಡ, ನೀರು ಕುಡಿ ಅಂದ್ಬುಟ್ರು."

ಹೆದರಿಲ್ಲ, ನಮ್ಮ ಮೇಷ್ಟ್ರು ಹೀಗೇ ಕಲಿಸಿದ್ದು ಎಂದಳಂತೆ. ಕೂತಿದ್ದ ಮೂವರೂ ಮುಖ ಮುಖ ನೋಡಿಕೊಂಡರಂತೆ. ಹಾಗಾದರೆ ಒಂದು ಸೀದಾ ಗೆರೆ ಎಳೆ ನೋಡೋಣ ಎಂದರಂತೆ. ಅಷ್ಟು ಹೊತ್ತಿಗೆ ಅವಳ ಕೈ ನಿಜವಾಗಿಯೇ ನಡುಗಲು ಶುರುವಾಗಿತ್ತು. ಸಾಕಮ್ಮ, ಹೋಗು ಎಂದರು. ಮಾರನೆಯ ದಿನ ಬೇರೆ ಯಾರಿಗೋ ಆರ್ಡರು ಹೋಯಿತು. ಗಂಡಿನ ಕಡೆಯವರು ಮುಂದಿನ ವಾರ ಬರುತ್ತಾರೆ. ಇದನ್ನೆಲ್ಲ ಅವಳು ಅಳದೆ ಹೇಳಿದಳು. ನನ್ನ ಮೇಲೆ ಒಂದು ಮಾತಿನ ದೂರಿಲ್ಲ. ಆಮೇಲೆ ಚೀಲದಿಂದ ಹೊಸ ಹಾಳೆ ತೆಗೆದು ರಟ್ಟಿಗೆ ಕ್ಲಿಪ್ಪು ಹಾಕಿ ನನ್ನ ಕಡೆ ಚಾಚಿದಳು.

"ನಂದೇ ತಪ್ಪು ಅನ್ಸುತ್ತೆ ಸಾ. ನಿಮ್ಮಂಗೆ ನಡುಗ್ಲಿಲ್ಲ ನಂಗೆ. ಇನ್ನೊಂದ್ಸಲ ಎಳ್ದುಕೊಡಿ, ಸರಿಯಾಗಿ ತಿದ್ಕೋತೀನಿ."

ನಾನು ಆ ಹಾಳೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಲು ಕೈ ಬರಲಿಲ್ಲ ಅನ್ನುವುದೇ ಸರಿ. ಅರ್ಚಕರ ಹೆಂಡತಿ ಆಗಷ್ಟೇ ಫ್ಲಾಸ್ಕು ತೆಗೆದು ಲೋಟಗಳನ್ನು ಜೋಡಿಸುತ್ತಿದ್ದರು. ನನ್ನ ಅರ್ಧ ಲೋಟ ಒಂದು ಕಡೆ ಬೇರೆಯಾಗಿತ್ತು. ನಾನು ಅವರ ಕಡೆ ತಿರುಗಿ, "ಪೂರ್ತಿ ತುಂಬಿಸಿ ಕೊಡಿ ತಾಯಿ" ಎಂದೆ. ಅವರು ಕಂಠದವರೆಗೆ ಬಗ್ಗಿಸಿ ನನ್ನ ಮುಂದೆ ಇಟ್ಟರು.

ಬಲಗೈಯಲ್ಲೇ ತೆಗೆದುಕೊಂಡೆ. ಎಡಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡೆ, ಅದು ಸಹಾಯಕ್ಕೆ ಬರದಿರಲಿ ಎಂದು. ಲೋಟ ನೆಲ ಬಿಡುತ್ತಿದ್ದಂತೆ ಕಾಫಿ ಅಂಚು ಮೀರಿತು. ಮಣಿಕಟ್ಟಿನ ಮೇಲೆ ಸುಟ್ಟಿತು, ಅಂಗಿಯ ತೋಳಿಗೆ ಇಳಿಯಿತು, ತೊಡೆಯ ಮೇಲಿದ್ದ ನನ್ನ ಹಾಳೆಯ ಮೇಲೆ ಚೆಲ್ಲಿತು. ಲೋಟ ಹಲ್ಲಿಗೆ ಬಡಿದು ಟಕಟಕ ಎಂದಿತು. ಬಾಯಿಗೆ ಬರುವಷ್ಟರಲ್ಲಿ ಉಳಿದಿದ್ದದ್ದು ಆ ತಾಯಿ ಪ್ರತಿ ಸಲ ಕೊಡುತ್ತಿದ್ದಷ್ಟೇ. ಹನ್ನೆರಡು ಜನವೂ ನೋಡಿದರು. ನೋಡಲಿ ಎಂದು ನಿಧಾನವಾಗಿಯೇ ಕುಡಿದೆ.

ಇದು ಕಾಯಿಲೆ, ಯುಗಾದಿ ಕಳೆದ ಮೇಲೆ ಬಂದದ್ದು, ನಿಮಗೆ ಕಲಿಸಿದ್ದು ಇದನ್ನೇ, ನಡುಗುವ ಗೆರೆ ಅಂತ ಚಿತ್ರಕಲೆಯಲ್ಲಿ ಯಾವ ಪಾಠವೂ ಇಲ್ಲ ಎಂದು ಹೇಳಿದೆ. ಇನ್ನೂ ಏನೇನೋ ಹೇಳಿದೆ. ಪಾಲಹಳ್ಳಿಯವನು ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ತೊಡೆಯ ಮೇಲೆ ಹಾಕಿ, "ಮದ್ಲೇ ಒಂದ್ ಮಾತು ಏಳ್ಬುಟ್ಟಿದ್ರೆ ಆಗ್ತಿತ್ತಲ್ಲ ಮೇಷ್ಟ್ರೇ" ಎಂದ. ಮೊದಲ ದಿನ ನಕ್ಕದ್ದು ಅವನಿಗೆ ನೆನಪಾಗಿರಬೇಕು, ತಲೆ ತಗ್ಗಿಸಿಕೊಂಡೇ ಅಂದ.

ಹುಡುಗಿ ಚಾಚಿದ ಹಾಳೆಯನ್ನು ಇನ್ನೂ ಹಿಂದೆ ತೆಗೆದುಕೊಂಡಿರಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು. ಲೋಟ ಕೆಳಗಿಟ್ಟ ಮೇಲೆ ಅದು ತೊಡೆಯ ಮೇಲೆ ಏನೂ ಆಗದ ಹಾಗೆ ತೆಪ್ಪಗೆ ಬಿದ್ದಿತ್ತು.

"ಬುಧವಾರ ನಾನು ಫೋನ್ ಮಾಡ್ದಾಗ್ಲೂ ನಿಮ್ಗೆ ಗೊತ್ತಿತ್ತಾ ಸಾ?"

ಗೊತ್ತಿತ್ತು ಎಂದೆ.

ಆ ಶಾಲೆಗೆ ನಾನೇ ಹೋಗಿ ಹೇಳುತ್ತೇನೆ, ತಪ್ಪು ನನ್ನದು, ಇನ್ನೊಂದು ಅವಕಾಶ ಕೊಡಿ ಅಂತ ಕಾಲು ಹಿಡಿಯುತ್ತೇನೆ ಎಂದೆ. ಆಮೇಲೆ ಹೋಗಿಯೂ ಬಂದೆ. ಆರ್ಡರು ಕೊಟ್ಟಾಗಿದೆ, ಈಗ ಏನು ಮಾಡಲಿ ಯಜಮಾನರೇ ಎಂದು ಅಲ್ಲಿಯವರು ಮರ್ಯಾದೆಯಿಂದಲೇ ಕಳಿಸಿದರು. ಅದನ್ನು ಹೇಳಲು ಅವಳಿಗೆ ಎರಡು ಸಲ ಫೋನು ಮಾಡಿದೆ. ಎತ್ತಲಿಲ್ಲ. ಎತ್ತಬೇಕೆಂದು ಯಾವ ಬಾಯಲ್ಲಿ ಕೇಳಲಿ?

ಆ ದಿನ ಗೋವಿಂದನಹಳ್ಳಿಯಲ್ಲಿ ಅವಳು ಮಾಡಿದ್ದು ಇಷ್ಟು. ಚಾಚಿದ್ದ ರಟ್ಟನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಪೆನ್ಸಿಲ್ ತೆಗೆದಳು. ಗುಡಿಯನ್ನು ನೋಡಿದಳು. ಮೂರು ವಾರ ನಾನು ಎಳೆದುಕೊಡುತ್ತಿದ್ದ ಮೇಲ್ಪಂಕ್ತಿಯನ್ನು ಆ ಹಾಳೆಯ ಮೇಲಂಚಿನಲ್ಲಿ ತಾನೇ ಎಳೆದುಕೊಂಡಳು. ಮೊದಲ ಗೆರೆ ನಡುಗಿತು. ಎರಡನೆಯದೂ ನಡುಗಿತು. ಅವಳು ಅಳಿಸಲಿಲ್ಲ, ಅದರ ಕೆಳಗೆ ಇನ್ನೊಂದು ಎಳೆದಳು, ಇನ್ನೊಂದು ಎಳೆದಳು. ಎಷ್ಟನೆಯದೋ ಗೊತ್ತಿಲ್ಲ, ಒಂದು ಗೆರೆ ಹಾಳೆಯ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಹೋಯಿತು. ನನ್ನ ಗಂಟಲಿನವರೆಗೆ ಭೇಷ್ ಅನ್ನುವ ಮಾತು ಬಂತು. ನುಂಗಿಕೊಂಡೆ. ಅವಳು ಹಾಳೆಯನ್ನು ನನ್ನ ಕಡೆ ತಿರುಗಿಸಲಿಲ್ಲ, ತಿದ್ದಲು ಕೊಡಲಿಲ್ಲ. ಸುರುಳಿ ಸುತ್ತಿ ಚೀಲದೊಳಗೆ ಇಟ್ಟುಕೊಂಡು, ಅರ್ಚಕರ ಹೆಂಡತಿಗೆ ಮಾತ್ರ ಬತ್ತೀನಿ ಅಮ್ಮ ಎಂದು ಹೇಳಿ, ಒಂದು ಗಂಟೆಯ ಬಸ್ಸಿಗೆ ಹೊರಟುಹೋದಳು.